ಹದಿನಾಲ್ಕು ಮಾತಿನ ಭಾಷೆ

ಎಡಗಾಲಿನ ಶೂ, ಎಡಗಾಲಿನದು ಮಾತ್ರ ಕೀಚು ಎನ್ನುತ್ತದೆ, ಬಲಗಾಲಿನದು ಡಬ್ ಎಂದು ಹಿಂಬಾಲಿಸುತ್ತದೆ, ಕಬ್ಬಿಣದ ಮೆಟ್ಟಿಲಿನ ಮೇಲೆ ಕೀಚು, ಡಬ್, ಕೀಚು, ಡಬ್, ಹನ್ನೊಂದನೆಯ ಮೆಟ್ಟಿಲು, ಇನ್ನು ಆರು, ಮ್ಯಾನೇಜರ್ ಬರುತ್ತಿದ್ದಾರೆ, ಕೈಯಲ್ಲಿ ಕಾಗದ ಇದ್ದೇ ಇರುತ್ತದೆ, ಇಲ್ಲದಿದ್ದರೆ ಕೆಳಗಿನಿಂದಲೇ ಫೋನಿನಲ್ಲಿ ಹೇಳಿ ಮುಗಿಸುತ್ತಿದ್ದರು, ಅವಳು ತಿರುಗುವುದಿಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಮೂವತ್ತೊಂದು ಎಂದಿದೆ, ನೂರಕ್ಕೆ ಮೂವತ್ತೊಂದು, ಅದು ಮೂವತ್ತೆರಡಾಗುವ ತನಕ ತಿರುಗುವುದಿಲ್ಲ ಎಂದು ತನ್ನೊಂದಿಗೆ ತಾನೇ ಪಂದ್ಯ ಕಟ್ಟಿಕೊಂಡಿದ್ದಾಳೆ — ನಲವತ್ತೈದು ದಾಟಿದವಳು ಆಡುವ ಆಟವೇ ಇದು, ಆಡಲಿ, ಬೆಳಿಗ್ಗೆ ಏಳರಿಂದ ಆಡಲು ಇನ್ನೇನಿದೆ — ಮೂವತ್ತೆರಡು. ತಿರುಗಿದಳು. ಆಯ್ತಾ ಮೇಡಮ್ ಅಂದರು ಮ್ಯಾನೇಜರ್, ಆಗ್ತಾ ಇದೆ ಅಂದಳು, ಬೆಳಿಗ್ಗೆಯಿಂದ ಆಗ್ತಾನೇ ಇದೆ ಅಂದರು, ಅದೂ ನಿಜವೇ, ಎಂಟು ಸಲ ಕಂಪೈಲ್ ಮಾಡಿದ್ದಾಳೆ, ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸುವ ಕೆಲಸ, ಒಂದೊಂದಕ್ಕೂ ಹನ್ನೊಂದು ನಿಮಿಷ, ಎಂಟು ಸಲವೂ ಕಂಪೈಲರ್ ಆಗಲ್ಲ ಎಂದಿದೆ, ಅದನ್ನು ಬರೆದವಳು ಅವಳೇ, ಆಗಲ್ಲ ಅನ್ನಲು ಕಲಿಸಿದವಳೂ ಅವಳೇ, ಹೆತ್ತವಳಿಗೇ ತಿರುಗಿ ಉತ್ತರ ಕೊಡುವ ಮಗಳಂತೆ ಅದು ಸೊಂಟಕ್ಕೆ ಕೈಕೊಟ್ಟು ನಿಂತಿದೆ, ಈಗ ಒಂಬತ್ತನೆಯ ಸಲ, ಮತ್ತು ಮ್ಯಾನೇಜರ್ ಕಾಗದವನ್ನು ಕೀಬೋರ್ಡಿನ ಮೇಲೇ ಇಟ್ಟರು, ಬೆರಳು ಇಡಲು ಜಾಗವಿಲ್ಲದ ಹಾಗೆ. ಒಂದು ಸ್ವಿಚ್ ಅಷ್ಟೇ ಮೇಡಮ್, ಬೆಳಕಿನ ಪರದೇನ ಬೇಕಾದಾಗ ಸುಮ್ಮನಿರಿಸೋಕೆ, ಬೀಗದ ಕೈ ಮಷೀನು ಕೊಳ್ಳೋ ಪ್ರೆಸ್ಸಿನ ಯಜಮಾನರ ಜೇಬಲ್ಲೇ ಇರತ್ತೆ, ನೀವು ಒಂದು ಸಹಿ ಹಾಕಿದ್ರೆ ಮುಗೀತು, ಮೂರು ಗಂಟೆಗೆ ಅವರೇ ಬರ್ತಾರೆ, ಅವರ ಕಟಿಂಗ್ ಮೇಷ್ಟ್ರನ್ನೂ ಕರ್ಕೊಂಡು ಬರ್ತಾರೆ, ಮಷೀನು ಸುಮ್ಸುಮ್ನೆ ನಿಂತ್ರೆ ಅವರು ನಿಲ್ಲಲ್ಲ. ಒಂದು ಸ್ವಿಚ್. ಬೆರಳು ಕೊಟ್ಟರೆ ಹಸ್ತ ನುಂಗುವವರು ಎನ್ನುವ ಗಾದೆ ಮಾಡಿದವರು ಯಾವುದೋ ಪ್ರೆಸ್ಸಿನಲ್ಲೇ ಕೆಲಸ ಮಾಡಿರಬೇಕು.

ಸುಮ್ಸುಮ್ನೆ ಏನೂ ನಿಂತಿರಲಿಲ್ಲ ಅದು, ಕಾಗದ ಕತ್ತರಿಸುವ ಯಂತ್ರ, ಆಳೆತ್ತರ, ಎರಡು ಮೊಳದಗಲದ ಬ್ಲೇಡು, ಐನೂರು ಹಾಳೆಯ ರೀಮನ್ನು ಬೆಣ್ಣೆಯಂತೆ ಕೊಯ್ಯುತ್ತದೆ, ಹಿಂದಿನ ಯಂತ್ರಗಳ ಹಾಗೆ ಪ್ರತಿ ಸಲ ಎರಡೂ ಕೈಯಿಂದ ಬಟನ್ ಒತ್ತುವುದಿಲ್ಲ, ಒಮ್ಮೆ ಒತ್ತಿದರೆ ಹೇಳಿದಷ್ಟು ಸಲ ತಾನೇ ಕತ್ತರಿಸುತ್ತಾ ಹೋಗುತ್ತದೆ, ಕೈ ಕಾಯುವುದು ಬ್ಲೇಡಿನ ಮುಂದೆ ಅಡ್ಡಕ್ಕೆ ಹರಿಯುವ ಇಪ್ಪತ್ನಾಲ್ಕು ಬೆಳಕಿನ ಗೆರೆಗಳು, ಕಣ್ಣಿಗೆ ಕಾಣದವು, ಅವುಗಳನ್ನು ಏನಾದರೂ ದಾಟಿದರೆ ಬ್ಲೇಡು ನಿಲ್ಲಬೇಕು, ನಿಲ್ಲುತ್ತದೆ, ಆದರೆ ಕತ್ತರಿಸಿದ ಅಂಚಿನ ಚೂರು ಹಾರಿ ದಾಟಿದರೂ ನಿಲ್ಲುತ್ತದೆ, ಹೋದ ವಾರ ಪ್ರೆಸ್ಸಿನಲ್ಲಿ ಇಟ್ಟು ನೋಡಿದಾಗ ಒಂದೇ ದಿನ ನಲವತ್ತು ಸಲ ನಿಂತಿತಂತೆ, ನಲವತ್ತು ಸಲವೂ ಕೈ ಇರಲಿಲ್ಲವಂತೆ. ಇರಲಿಲ್ಲ, ಸರಿ. ನಲವತ್ತೊಂದನೆಯದಕ್ಕೆ ಇದ್ದರೆ. ಅವಳು ಕಾಗದವನ್ನು ಎತ್ತಿ ಪಕ್ಕಕ್ಕಿಟ್ಟು ಹೇಳಿದಳು, ಇದು ಮುಗೀಲಿ ಸಾರ್, ಮುಗಿದ ಮೇಲೆ ಮಾತಾಡೋಣ, ಮುಗಿಯದಿದ್ರೆ ಅಂದರು, ಮುಗಿಯದಿದ್ರೂ ಸಹಿ ಹಾಕಲ್ಲ ಅಂದಳು, ಮಾತು ಬಾಯಿಂದ ಜಾರಿದ ಮೇಲೆಯೇ ಅದು ಎಷ್ಟು ತಣ್ಣಗಿತ್ತು ಎಂದು ಗೊತ್ತಾದದ್ದು, ಮ್ಯಾನೇಜರ್ ಸೀದಾ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟರು, ಹೋಗುವ ಲಕ್ಷಣವಿಲ್ಲ, ನಲವತ್ತನಾಲ್ಕು, ನಲವತ್ತೈದು.

ಸ್ವಿಚ್ ಅಂದರೆ ಅವಳಿಗೆ ಕಾಣುವುದು ದಾರ, ಪಾರ್ಸೆಲ್ ಕಟ್ಟುವ ಕಂದು ದಾರ, ಅದನ್ನು ಎರಡು ಸುತ್ತು ಸುತ್ತಿ ಬಟನ್ನಿನ ಮೇಲೆ ಮರದ ಚಕ್ಕೆಯಿಟ್ಟು ಬಿಗಿದಿದ್ದರು, ಅಕ್ಕ ಕೆಲಸ ಮಾಡುತ್ತಿದ್ದ ಬೈಂಡಿಂಗ್ ಶಾಪಿನ ಹಳೆಯ ಯಂತ್ರ, ಎರಡು ಬಟನ್ನು, ಒಂದು ಈ ತುದಿಗೆ ಒಂದು ಆ ತುದಿಗೆ, ಎರಡೂ ಕೈ ಹೊರಗಿರಲಿ ಎಂದೇ ಅಷ್ಟು ದೂರ ಇಟ್ಟದ್ದು, ಮಾಡಿದವನು ಬುದ್ಧಿವಂತ, ಕಟ್ಟಿದವರು ಅವನಿಗಿಂತ ಬುದ್ಧಿವಂತರು, ಎಡಗಡೆಯದನ್ನು ದಾರದಲ್ಲಿ ಕಟ್ಟಿಬಿಟ್ಟರೆ ಎಡಗೈ ಕಾಗದ ಸರಿಮಾಡಲು ಬಿಡುವಾಗುತ್ತದೆ, ಕೆಲಸ ಒಂದೂವರೆಯಷ್ಟು ಓಡುತ್ತದೆ — ಅವಳಿಗಾಗ ಹನ್ನೆರಡು, ಅಕ್ಕನಿಗೆ ಇಪ್ಪತ್ನಾಲ್ಕು, ಮಧ್ಯಾಹ್ನದ ಊಟದ ಡಬ್ಬಿ ತೆಗೆದುಕೊಂಡು ಹೋಗಿದ್ದಾಳೆ, ಬಾಗಿಲಲ್ಲಿ ನಿಂತಿದ್ದಾಳೆ, ಅಂಟಿನ ವಾಸನೆ, ಅಕ್ಕ ತಿರುಗಿ ನೋಡಿ ನಗುತ್ತಾಳೆ, ಬಂದೆ ಇರು ಗುಬ್ಬಿ, ಇದೊಂದು ಕಟ್ಟು ಮುಗಿಸ್ತೀನಿ, ಮತ್ತು ಸದ್ದು, ಯಾರೋ ಒಂದೇ ಒಂದು ಚಪ್ಪಾಳೆ ತಟ್ಟಿದ ಹಾಗೆ, ಅಷ್ಟೇ, ಅಕ್ಕ ಕೂಗಲಿಲ್ಲ, ಅಕ್ಕ ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡು ತುಂಬ ಯೋಚನೆ ಮಾಡುವವರ ಹಾಗೆ ನಿಂತಿದ್ದಳು, ಆಮೇಲೆ ಎಲ್ಲರೂ ಓಡಿಬಂದರು, ಯಾರೋ ಬಟ್ಟೆ ಸುತ್ತಿದರು, ಗಾಡಿಯಲ್ಲಿ ಕೂರಿಸುವಾಗ ಅಕ್ಕ ಹೇಳಿದ್ದು ಒಂದೇ ಮಾತು, ಗುಬ್ಬಿ, ಡಬ್ಬಿ ಅಲ್ಲೇ ಬಿಟ್ಟೆಯಲ್ಲೇ, ಹೋಗಿ ತಗೊಂಡ್ ಬಾ. ಮೂರು ಬೆರಳು. ವಿಚಾರಣೆಗೆ ಬಂದವನು ಕೇಳಿದ, ಬಟನ್ ಕಟ್ಟಿದ್ದು ಯಾರು, ಮಾಲೀಕನ ಮುಖ ಸುಣ್ಣದಂತಾಗಿತ್ತು, ಅಕ್ಕ ಅವನ ಹೆಸರು ಹೇಳುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು, ಅಕ್ಕ ಅಂದಳು, ನಾನೇ ಕಟ್ಟಿದ್ದು. ಸುಳ್ಳಲ್ಲ. ಅವಳೇ ಕಟ್ಟಿದ್ದು. ಎಷ್ಟೋ ವರ್ಷ ಗುಬ್ಬಿಗೆ ಅದನ್ನು ಕ್ಷಮಿಸಲಾಗಲಿಲ್ಲ, ಯಾಕೆ ಹೇಳಿದೆ, ಯಾಕೆ ಕಟ್ಟಿದೆ, ಯಾವುದನ್ನು ಮೊದಲು ಕೇಳಬೇಕೋ ತಿಳಿಯದೆ ಎರಡನ್ನೂ ಕೇಳಲಿಲ್ಲ, ಕೊನೆಗೆ ಅಕ್ಕನೇ ಒಂದು ದಿನ ಬಟ್ಟೆ ಹಿಂಡುತ್ತಾ ಹೇಳಿದಳು, ಕಟ್ಟೋಕೆ ಆಗತ್ತೆ ಅಂದ್ರೆ ಯಾರಾದ್ರೂ ಕಟ್ಟೇ ಕಟ್ತಾರೆ ಕಣೇ, ನಾನಲ್ಲದಿದ್ರೆ ನನ್ನ ಪಕ್ಕದವಳು, ಒಬ್ಬಳು ಕಟ್ಟಿದ ಮೇಲೆ ಕಟ್ಟದವಳ ಕೆಲಸ ನಿಧಾನ, ನಿಧಾನದವಳನ್ನ ಯಾರು ಇಟ್ಕೋತಾರೆ. ಹೇಳಿ, ಏಳು ಬೆರಳಿನಿಂದಲೇ ಬೆಡ್‌ಶೀಟು ಹಿಂಡಿ ಕೊಡವಿದಳು, ಏಳಕ್ಕೇ ಇಷ್ಟು ಬಟ್ಟೆ ಹಾಕ್ತೀರಲ್ಲ, ಹತ್ತಿದ್ದಿದ್ರೆ ಊರೋರದ್ದೂ ತರ್ತಿದ್ರೇನೋ.

ಐವತ್ತೆಂಟು. ಮ್ಯಾನೇಜರ್ ಮೊಬೈಲು ನೋಡುತ್ತಿದ್ದಾರೆ, ಕಾಲು ಕುಣಿಸುತ್ತಿದ್ದಾರೆ, ಕೀಚು ಕೀಚು. ಆದ್ದರಿಂದ ಭಾಷೆ, ಯಂತ್ರಕ್ಕೆ ಆಜ್ಞೆ ಕೊಡುವ ಭಾಷೆ, ಬೇರೆ ದಾರಿಯೇ ಇರಲಿಲ್ಲ, ಯಂತ್ರಕ್ಕೆ ಕಾವಲು ಹಾಕಿದರೆ ಕಾವಲಿಗೆ ಲಂಚ ಕೊಡುತ್ತಾರೆ, ಬೀಗ ಹಾಕಿದರೆ ಬೀಗಕ್ಕೆ ಇನ್ನೊಂದು ಕೈ ಮಾಡಿಸುತ್ತಾರೆ, ಆದರೆ ಕೆಟ್ಟ ಮಾತನ್ನು ಹೇಳಲು ಶಬ್ದವೇ ಇಲ್ಲದ ಭಾಷೆ ಮಾಡಿದರೆ, ಹೇಳುವುದೆಲ್ಲಿಂದ — ಹಾಗೆಂದುಕೊಂಡು ಮೂರು ವರ್ಷ ಕೂತು ಕಟ್ಟಿದ ಭಾಷೆ, ಸ್ವಂತ ಮನೆಯೂ ಅಲ್ಲ ಅದರದು, ದೊಡ್ಡ ಕಂಪ್ಯೂಟರ್ ಭಾಷೆಯೊಂದರ ಮನೆಯೊಳಗೆ ಒಂದು ಕೋಣೆ ಹಿಡಿದು ಬಾಡಿಗೆಗಿದೆ, ಗೋಡೆ ನೀರು ದೀಪ ಎಲ್ಲ ಮನೆಯೊಡೆಯನದು, ಒಲೆ ಮಾತ್ರ ಬೇರೆ, ಹದಿನಾಲ್ಕೇ ಮಾತು, ಇಳಿಸು, ಏರಿಸು, ಅದುಮು, ಬಿಡು, ಸರಿಸು, ಕಾಯು, ಅಳೆ, ನಿಲ್ಲು, ಹೀಗೆ, ಮತ್ತು ನೋಡು, ಆ ನೋಡು ಎನ್ನುವುದನ್ನು ಯಾರೂ ಬರೆಯಬೇಕಾಗಿಲ್ಲ, ಎಲ್ಲಿ ಇಳಿಸು ಎಂದು ಬರೆದರೂ ಕಂಪೈಲರ್ ತಾನೇ ಅದರ ಬೆನ್ನಿಗೆ ನೋಡು ಎನ್ನುವುದನ್ನು ಕಟ್ಟುತ್ತದೆ, ತೆಗೆಯಲು ಬರುವುದಿಲ್ಲ, ನೋಡಬೇಡ ಎಂದು ಹೇಳಲು ಆ ಭಾಷೆಗೆ ಬಾಯಿಯೇ ಇಲ್ಲ. ಫಿಟ್ಟರ್ ಮಾವ ಕೇಳಿದ್ದರು, ಇನ್ನೆರಡು ವರ್ಷಕ್ಕೆ ರಿಟೈರಾಗುವವರು, ಇಡೀ ಶಾಪಿಗೇ ಮಾವ, ಅಲ್ಲ ಮೇಡಮ್, ಹದಿನಾಲ್ಕು ಮಾತಲ್ಲಿ ಯಾರಾದ್ರೂ ಬದುಕೋಕಾಗತ್ತಾ, ಅವಳೆಂದಳು, ಮಾವ, ನೀವು ಮನೇಲಿ ಅತ್ತೆ ಹತ್ರ ದಿನಕ್ಕೆ ಎಷ್ಟು ಮಾತಾಡ್ತೀರಿ, ಮಾವ ಲೆಕ್ಕ ಹಾಕಿದರು, ಒಂಬತ್ತು ಅಂದರು.

ಮೊದಲು ಆ ಭಾಷೆಯನ್ನು ಸಾಧಾರಣ ಕಂಪ್ಯೂಟರೊಂದು ಸಾಲು ಸಾಲಾಗಿ ಓದಿ ಯಂತ್ರಕ್ಕೆ ಹೇಳುತ್ತಿತ್ತು, ಓದಿ ಹೇಳುವುದರೊಳಗೆ ಹೊತ್ತು ಹೋಗುತ್ತಿತ್ತು, ಹೊತ್ತು ಅಂದರೆ ಎಷ್ಟು, ಬ್ರೇಕು ಹಿಡಿಯಲು ಬೇಕಾದದ್ದನ್ನು ಕಳೆದರೆ ಯೋಚನೆ ಮಾಡಲು ಉಳಿಯುವುದು ನಾಲ್ಕು ಮಿಲಿಸೆಕೆಂಡು, ಸೆಕೆಂಡನ್ನು ಸಾವಿರ ಹೋಳು ಮಾಡಿ ಅದರಲ್ಲಿ ನಾಲ್ಕು, ಆ ನಾಲ್ಕರಲ್ಲಿ ಅದು ಎರಡು ಸಲ ನೋಡುತ್ತಿತ್ತು, ಎರಡು ಸಲ ನೋಡಿದರೆ ಏನು ಗೊತ್ತಾದೀತು, ಏನೋ ಅಡ್ಡ ಬಂದಿದೆ ಎಂದಷ್ಟೇ, ಚೂರು ಕಾಗದವೋ ಬೆರಳೋ, ಗೊತ್ತಿಲ್ಲದಿದ್ದರೆ ನಿಲ್ಲು, ಅದು ನ್ಯಾಯ, ಅದಕ್ಕೇ ನಲವತ್ತು ಸಲ ನಿಂತದ್ದು. ಕುರುಡು ಮಾಡಬೇಕಾಗಿಲ್ಲ, ಕಣ್ಣು ಚುರುಕು ಮಾಡಬೇಕು, ಈ ಸರಳ ಮಾತು ಈ ಮನುಷ್ಯನ ತಲೆಗೆ ಹೋಗುವುದಿಲ್ಲ. ನಾಲ್ಕು ಮಿಲಿಸೆಕೆಂಡಿನಲ್ಲಿ ನಲವತ್ತು ಸಲ ನೋಡಿದರೆ ಚೂರಿನ ನೆರಳು ಜಾರಿ ಅಲುಗಾಡಿ ಹೋಗುವುದು ಕಾಣುತ್ತದೆ, ಬೆರಳಿನ ನೆರಳು ಜಾರುವುದಿಲ್ಲ, ಅದು ದಪ್ಪವಾಗುತ್ತಾ ಒಳಗೆ ಬರುತ್ತದೆ, ಅದಕ್ಕೆ ಓದಿ ಹೇಳುವ ಮಧ್ಯಸ್ಥನನ್ನೇ ಕಿತ್ತುಹಾಕಿ ಹದಿನಾಲ್ಕು ಮಾತನ್ನು ಸೀದಾ ಚಿಪ್‌ನೊಳಗಿನ ತಂತಿಯ ದಾರಿಗಳಾಗಿ ಇಳಿಸಬೇಕು, ಹೇಳಿದ ಮಾತೇ ಯಂತ್ರದ ನರವಾಗಬೇಕು, ಅದನ್ನೇ ಕಂಪೈಲರ್ ಈಗ ಮಾಡುತ್ತಿರುವುದು, ಮಾಡುವಾಗಲೇ ಪ್ರತಿ ದಾರಿಯ ಹೊತ್ತನ್ನೂ ಕೂಡಿ ನೋಡುತ್ತದೆ, ಅತಿ ಕೆಟ್ಟ ಗಳಿಗೆಯಲ್ಲೂ ನಾಲ್ಕರೊಳಗೆ ಮುಗಿಯುತ್ತದೆ ಎಂದು ಖಾತ್ರಿಯಾದರೆ ಮಾತ್ರ ಆಯ್ತು ಅನ್ನುತ್ತದೆ, ಎಂಬತ್ತಾರು, ಎಂಬತ್ತೇಳು, ನಿಂತಿತು.

ಆಗಲ್ಲ. ನಾಲ್ಕು ದಶಾಂಶ ಮೂರು. ಮ್ಯಾನೇಜರ್ ಪರದೆಯ ಕೆಂಪನ್ನು ಕಂಡೇ ಎದ್ದರು, ನೋಡಿದ್ರಾ ಅಂದರು, ಒಂಬತ್ತು ಸಲ, ನಿಮ್ಮ ಕಂಪೈಲರ್ರೇ ನಿಮ್ಮ ಮಾತು ಕೇಳ್ತಾ ಇಲ್ಲ, ಅದಕ್ಕೇ ನಾನು ಅದನ್ನ ನಂಬೋದು ಅಂದಳು, ಅವರಿಗೆ ಕೋಪ ಬಂದಿತು, ಕೋಪ ಬಂದರೆ ಅವರ ದನಿ ಸಣ್ಣದಾಗುತ್ತದೆ, ನೋಡಿ ಮೇಡಮ್, ನೀವು ಹಾಕದಿದ್ರೆ ಬೇರೆಯವರ ಕೈಲಿ ಹಾಕಿಸ್ತೀನಿ, ಆಮೇಲೆ ಈ ಕುರ್ಚಿ ಬಗ್ಗೆ ನಾನೇನೂ ಹೇಳೋಕಾಗಲ್ಲ. ಹಾಕಿಸಿ ಸಾರ್ ಅಂದಳು. ಯಾರನ್ನ ಬೇಕಾದ್ರೂ ಕೂರಿಸಿ, ಅದಕ್ಕೆ ಬರೋದು ಹದಿನಾಲ್ಕೇ ಮಾತು, ಹದಿನೈದನೇದು ಹೇಳಿದ್ರೆ ಯಾರು ಹೇಳಿದ್ರೂ ಅದಕ್ಕೆ ಅರ್ಥ ಆಗಲ್ಲ, ಅರ್ಥ ಆಗೋ ಹಾಗೆ ಮಾಡಬೇಕು ಅಂದ್ರೆ ಇಡೀ ಭಾಷೇನ ಬಿಸಾಕಿ ಮೊದಲಿಂದ ಕಟ್ಟಬೇಕು, ನನಗೆ ಮೂರು ವರ್ಷ ಹಿಡೀತು, ನಿಮಗೆ ಮೂರು ಗಂಟೆ ಟೈಮಿದೆ. ಗಡಿಯಾರದಲ್ಲಿ ಹನ್ನೆರಡು. ಮ್ಯಾನೇಜರ್ ಎದ್ದರು, ಕೀಚು ಡಬ್ ಕೀಚು ಡಬ್, ಮೆಟ್ಟಿಲಿಳಿದು ಹೋದರು, ಕಾಗದ ಅಲ್ಲೇ ಇತ್ತು.

ದಶಾಂಶ ಮೂರು, ಎಲ್ಲಿದೆ ಈ ಹಾಳು ದಶಾಂಶ ಮೂರು, ನೋಡುವುದು ನಲವತ್ತು ಸಲ, ಅದಕ್ಕೆ ಇಷ್ಟು, ಬ್ಲೇಡು ಎಷ್ಟು ಇಳಿದಿದೆ ಎಂದು ಅಳೆಯುವುದು, ಅದಕ್ಕೆ ಇಷ್ಟು, ಎರಡನ್ನೂ ತೂಗಿ ನಿಲ್ಲಬೇಕೋ ಬೇಡವೋ ಎಂದು ಹೇಳುವುದು, ಅದಕ್ಕೆ ಇಷ್ಟು, ಯಾವುದನ್ನೂ ಕೊರೆಯುವಂತಿಲ್ಲ, ನೋಡುವುದನ್ನು ಮೂವತ್ತಕ್ಕಿಳಿಸಿದರೆ ಸಿಗುತ್ತದೆ, ಆದರೆ ಮೂವತ್ತರಲ್ಲಿ ಹೆಬ್ಬೆರಳು ಮತ್ತು ದಪ್ಪ ರಟ್ಟಿನ ಚೂರು ಒಂದೇ ಥರ ಕಾಣುತ್ತವೆ, ಹೋದ ತಿಂಗಳೇ ಪರೀಕ್ಷೆ ಮಾಡಿದ್ದಾಳೆ, ಇಲ್ಲ, ಮತ್ತು ಫೋನು. ಅಕ್ಕ. ಊಟ ಮಾಡಿದ್ಯೇನೇ, ಇಲ್ಲ ಅಕ್ಕ, ಯಾಕೆ, ಅಕ್ಕ ಈಗ ಇನ್ನೊಂದು ಬೈಂಡಿಂಗ್ ಶಾಪಿನಲ್ಲಿ ಹಾಳೆ ಎಣಿಸುತ್ತಾಳೆ, ಎಣಿಸುವ ಯಂತ್ರ ಕೆಟ್ಟಾಗಲೆಲ್ಲ ಇವಳೇ ಯಂತ್ರ, ಹಿಂದೆ ಹಾಳೆಗಳ ಸರಸರ ಕೇಳುತ್ತಿದೆ, ಸ್ವಿಚ್ ಬೇಕಂತೆ ಅಕ್ಕ, ಬೆಳಕಿನ ಪರದೆ ಮುಚ್ಚೋಕೆ, ಸಹಿ ಹಾಕು ಅಂತಾರೆ, ತಡಿ ನಾನೂರ ಹನ್ನೆರಡು, ಹೇಳು ಕೇಳಿಸ್ತಿದೆ, ಹಾಕಲ್ಲ ಅಂದೆ, ಕೆಲಸ ಹೋಗಬಹುದು, ನಾನೂರ ಮೂವತ್ತು, ಹೋದ್ರೆ ಹೋಗ್ಲಿ ಬಿಡೆ, ನಮ್ಮ ಶಾಪಲ್ಲಿ ಅಂಟು ಹಚ್ಚೋಕೆ ಜನ ಬೇಕು, ನೀನು ಅಷ್ಟು ನೀಟಾಗಿ ಹಚ್ಚಲ್ಲ, ಆದ್ರೂ ನಾನು ಹೇಳಿ ಸೇರಿಸ್ತೀನಿ, ನಾನೂರ ಐವತ್ತು, ಅವಳಿಗೆ ನಗು ಬಂದಿತು, ಅಕ್ಕ ಮಾತಾಡ್ತಾ ಎಣಿಸ್ತೀಯಲ್ಲ, ತಪ್ಪಲ್ವಾ, ಯಾಕೆ ತಪ್ಪತ್ತೆ, ಬಾಯಿಗೆ ಬೆರಳು ಏನು ಮಾಡ್ತಿದೆ ಅಂತ ಯಾಕೆ ಬೇಕು, ಬೆರಳಿಗೆ ಬಾಯಿ ಯಾಕೆ ಬೇಕು, ಕೊನೇಲಿ ಕೂಡಿಸಿದ್ರೆ ಸಾಕಪ್ಪ, ಮೊದಲು ಊಟ ಮಾಡು, ಇಡ್ತೀನಿ.

ಕೊನೇಲಿ ಕೂಡಿಸಿದ್ರೆ ಸಾಕು. ಅವಳು ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದಳು, ಆ ಕಡೆ ಯಾರೂ ಇಲ್ಲ. ಅಳೆಯುವುದಕ್ಕೆ ನೋಡಿದ್ದು ಏನಾಯಿತು ಎಂದು ಯಾಕೆ ಬೇಕು, ನೋಡುವುದಕ್ಕೆ ಅಳತೆ ಯಾಕೆ ಬೇಕು, ಎರಡೂ ಬೇಕಾಗುವುದು ಕೊನೆಯಲ್ಲಿ ತೂಗುವವನಿಗೆ, ಆದರೆ ಅಳೆ ಎನ್ನುವುದು ನೋಡು ಮುಗಿಯುವ ತನಕ ಕಾಯುತ್ತಾ ನಿಂತಿದೆ, ಯಾಕೆ ನಿಂತಿದೆ, ತಾನು ಅದನ್ನು ಕೆಳಗಿನ ಸಾಲಿನಲ್ಲಿ ಬರೆದದ್ದಕ್ಕೆ, ಬೇರಾವ ಕಾರಣವೂ ಇಲ್ಲ, ಮುಂದೆ ನಿಂತವನ ಕೆಲಸಕ್ಕೂ ತನ್ನ ಕೆಲಸಕ್ಕೂ ಸಂಬಂಧವಿಲ್ಲದಿದ್ದರೂ ಕ್ಯೂನಲ್ಲಿ ಗಂಟೆಗಟ್ಟಲೆ ನಿಲ್ಲುವ ಸಾಧುಪ್ರಾಣಿಯ ಹಾಗೆ, ಮತ್ತು ಕಂಪೈಲರ್, ಇವಳು ಸಾಕಿದ ಆ ಹಠಮಾರಿ, ಸಾಲು ತಪ್ಪಿಸಬಾರದು ಎಂದು ಇವಳು ಹೇಳಿದ್ದನ್ನೇ ನಂಬಿಕೊಂಡು ಅವರಿಬ್ಬರನ್ನೂ ಒಬ್ಬರ ಹಿಂದೊಬ್ಬರನ್ನು ನಿಲ್ಲಿಸಿದೆ — ಕಂಪೈಲರ್ ತಪ್ಪಲ್ಲ, ಹೇಳಿದವಳ ತಪ್ಪು, ಹದಿನಾಲ್ಕು ಮಾತಿನಲ್ಲಿ ಒಂದನ್ನೂ ಮುಟ್ಟಬೇಕಾಗಿಲ್ಲ, ಕಂಪೈಲರಿಗೆ ಒಂದೇ ಒಂದು ಹೊಸ ಬುದ್ಧಿ ಹೇಳಬೇಕು, ಯಾವ ಎರಡು ಕೆಲಸ ಅಕ್ಕಪಕ್ಕ ಬಂದರೂ ಕೇಳು, ನಿನಗೆ ಪಕ್ಕದವಳ ಉತ್ತರ ಬೇಕಾ, ಬೇಡವಾದರೆ ಪಕ್ಕಪಕ್ಕದಲ್ಲಿ ನಿಲ್ಲಿಸು, ಬೇರೆ ಬೇರೆ ತಂತಿ ಕೊಡು, ಇಬ್ಬರೂ ಒಟ್ಟಿಗೇ ಹೊರಡಲಿ. ಬರೆದಳು. ಅಳಿಸಿದಳು. ಬರೆದಳು. ಊಟದ ಹೊತ್ತು ಮೀರಿತು, ಮಾವ ಮೇಲೆ ಬಂದು ಬಾಗಿಲಲ್ಲಿ ಇಣುಕಿ ಏನೂ ಕೇಳದೆ ಒಂದು ಬಾಳೆಹಣ್ಣು ಇಟ್ಟು ಹೋದರು, ಎರಡು ಗಂಟೆ ಹತ್ತು ನಿಮಿಷಕ್ಕೆ ಹತ್ತನೆಯ ಸಲ ಕಂಪೈಲ್ ಶುರುವಾಯಿತು, ಈ ಸಲ ಅಂಕಿ ನೋಡುವುದಿಲ್ಲ ಎಂದು ಕಿಟಕಿಯತ್ತ ತಿರುಗಿ ಹಣ್ಣು ಸುಲಿದಳು, ಕೆಳಗೆ ಬೀದಿಯಲ್ಲಿ ಒಬ್ಬ ಹೆಂಗಸು ಸೈಕಲ್ಲಿನ ಹಿಂದೆ ಗಾಜಿನ ಹಲಗೆ ಕಟ್ಟಿಕೊಂಡು ಎಷ್ಟು ನಿಧಾನಕ್ಕೆ ತಳ್ಳುತ್ತಾ ಹೋಗುತ್ತಿದ್ದಳೆಂದರೆ ಆಕಾಶವೇ ಅವಳ ಹಿಂದೆ ತೂಗುತ್ತಾ ಹೋಗುತ್ತಿತ್ತು, ತಿರುವು ದಾಟಿದಳು, ಗಾಜು ಒಡೆಯಲಿಲ್ಲ, ಬೆನ್ನ ಹಿಂದೆ ಕಂಪ್ಯೂಟರ್ ಟಿಂಗ್ ಎಂದಿತು. ಆಯ್ತು. ಮೂರು ದಶಾಂಶ ಎಂಟು. ಅದು ಹಸಿರಿನಲ್ಲಿ ಬರೆದಿತ್ತು, ಎರಡು ಸಲ ಓದಿದಳು, ಅಲ್ಲಿದ್ದ ಸಹಿಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬಾಳೆಹಣ್ಣಿನ ಸಿಪ್ಪೆ ಸುತ್ತಲು ಬಳಸಿದಳು.

ಮೂರಕ್ಕೆ ಸರಿಯಾಗಿ ಬಂದರು, ಪ್ರೆಸ್ಸಿನ ಯಜಮಾನರು ಅರವತ್ತರ ಮನುಷ್ಯ, ಯಾವ ಕಾಗದ ಕಂಡರೂ ಎರಡು ಬೆರಳಿನ ನಡುವೆ ಉಜ್ಜಿ ನೋಡುವ ಚಟ, ಗೋಡೆಯ ಮೇಲಿನ ನೋಟೀಸನ್ನೂ ಉಜ್ಜಿ ನೋಡಿದರು, ಅವರ ಹಿಂದೆ ಕಟಿಂಗ್ ಮೇಷ್ಟ್ರು, ಅವರ ಪ್ರೆಸ್ಸಿನಲ್ಲಿ ಮೂವತ್ತು ವರ್ಷದಿಂದ ಕಾಗದ ಕತ್ತರಿಸುವವರು, ಸಣಕಲು ಮೈ, ಹತ್ತೂ ಬೆರಳು ಇವೆ, ಅವಳು ಮೊದಲು ನೋಡಿದ್ದು ಅದನ್ನೇ, ಯಾರನ್ನು ಕಂಡರೂ ಮೊದಲು ನೋಡುವುದು ಅದನ್ನೇ. ಫಿಟ್ಟರ್ ಮಾವ ಹೊಸದಾಗಿ ತುಂಬಿದ ಚಿಪ್ ಕೂರಿಸಿದ್ದ ಯಂತ್ರ ಓಡಿಸಿದರು, ಬ್ಲೇಡು ಇಳಿಯುತ್ತಿರುವಾಗ ಒಂದು ಬೊಗಸೆ ಕಾಗದದ ಚೂರನ್ನು ಗೆರೆಗಳ ಮೇಲೆ ತೂರಿದರು, ಯಂತ್ರ ತಲೆ ಕೆಡಿಸಿಕೊಳ್ಳಲಿಲ್ಲ, ಕೊಯ್ಯುತ್ತಾ ಹೋಯಿತು, ಇನ್ನೊಂದು ಬೊಗಸೆ, ಹೋಯಿತು, ಆಮೇಲೆ ಬೆರಳಿನಷ್ಟು ದಪ್ಪದ ಮರದ ಕೋಲು ನೀಡಿದರು, ನಿಂತಿತು, ಮತ್ತೆ, ನಿಂತಿತು, ಹತ್ತು ಸಲ. ಮ್ಯಾನೇಜರ್ ಮುಖ ಅರಳಿತು, ಇಷ್ಟು ಹೊತ್ತು ಈ ಭಾಷೆಯನ್ನು ಹೊತ್ತು ತಿರುಗಿದವರು ತಾವೇ ಎನ್ನುವ ಹಾಗೆ, ಯಜಮಾನರು ಮಾತ್ರ ತಲೆಯಾಡಿಸಿ ಕೇಳಿದರು, ಚೆನ್ನಾಗಿದೆ, ಸ್ವಿಚ್ ಎಲ್ಲಿ. ಸ್ವಿಚ್ ಇಲ್ಲ ಸಾರ್ ಅಂದಳು, ಸುಮ್ಮನೆ ನಿಲ್ಲೋದೇ ಇಲ್ಲವಲ್ಲ, ಸ್ವಿಚ್ ಯಾಕೆ ಬೇಕು, ಬೇಕಮ್ಮ ಅಂದರು, ಅರ್ಜೆಂಟು ಕೆಲಸ ಅಂತ ಇರತ್ತೆ, ಮಷೀನು ನಮ್ಮ ಮಾತು ಕೇಳಬೇಕು, ನಾವು ಅದರ ಮಾತು ಕೇಳೋದಲ್ಲ, ಮ್ಯಾನೇಜರ್ ನಡುವೆ ಬಂದರು, ಹಾಕಿಸಿಕೊಡ್ತೀವಿ ಸಾರ್, ಅದೇನು ದೊಡ್ಡ ವಿಷಯ ಅಲ್ಲ, ಇಲ್ಲ ಅಂದಳು, ಹಾಕಲ್ಲ, ಸ್ವಿಚ್ ಇರೋದೇ ಬೇಕು ಅಂದ್ರೆ ಬೇರೆ ಕಡೆ ಸಿಗತ್ತೆ, ಅಲ್ಲಿ ತಗೊಳ್ಳಿ. ಶಾಪಿನಲ್ಲಿ ಎಲ್ಲ ಕೈಗಳೂ ನಿಂತವು. ಮ್ಯಾನೇಜರ್ ದನಿ ಸಣ್ಣದಾಯಿತು, ಅಷ್ಟು ನಂಬಿಕೆ ಇದ್ರೆ ನಿಮ್ಮ ಕೈಯನ್ನೇ ಇಟ್ಟು ತೋರಿಸಿ ನೋಡೋಣ ಮೇಡಮ್. ನಂಬಿಕೆ ಇದೆ. ಇಡಬಲ್ಲಳು. ಒಂದು ಗಳಿಗೆ ಕೈ ತಾನಾಗಿ ಮೇಲೂ ಎದ್ದಿತು, ಬಲಗೈ, ಆದರೆ ಇಟ್ಟರೆ ಅದು ಸರ್ಕಸ್ಸಾಗುತ್ತದೆ, ನಾಳೆಯಿಂದ ಪ್ರತಿ ಪ್ರೆಸ್ಸಿನಲ್ಲೂ ಪ್ರತಿಯೊಬ್ಬನೂ ಗಂಡಸುತನ ತೋರಿಸಲು ಕೈ ಇಡುತ್ತಾನೆ, ಇಡಲ್ಲ ಸಾರ್ ಅಂದಳು, ಯಾರೂ ಕೈ ಇಟ್ಟು ತೋರಿಸಬೇಕಾಗಬಾರದು ಅಂತಾನೇ ಇದನ್ನ ಮಾಡಿದ್ದು, ಬೇಕಾದ್ರೆ ನೀವು ಕೋಲು ಇಡಿ, ಕ್ಯಾರೆಟ್ ಇಡಿ, ನಿಮ್ಮ ಶೂ ಇಡಿ, ಮಾವ ಕೆಮ್ಮಿದರು, ನಗು ಮುಚ್ಚಿಕೊಳ್ಳಲು ಅವರು ಕೆಮ್ಮುವುದು ಹೀಗೇ.

ಕಟಿಂಗ್ ಮೇಷ್ಟ್ರು ಅಷ್ಟು ಹೊತ್ತೂ ಮಾತಾಡಿರಲಿಲ್ಲ, ಈಗ ಕನ್ನಡಕ ಒರೆಸಿ ಹಾಕಿಕೊಂಡು, ನಾನು ಒಂಚೂರು ನೋಡ್ಲಾ ಸಾರ್ ಅಂದರು, ನೋಡಿ ಅಂದರು ಯಜಮಾನರು, ಮೇಷ್ಟ್ರು ಯಂತ್ರವನ್ನು ಸುತ್ತತೊಡಗಿದರು, ಹಸು ಕೊಳ್ಳುವವನು ಹಸುವನ್ನು ಸುತ್ತುವ ಹಾಗೆ, ಏನು ಹುಡುಕುತ್ತಿದ್ದಾರೆ ಎಂದು ಅವಳಿಗೆ ತಕ್ಷಣ ತಿಳಿಯಿತು, ದಾರ ಕಟ್ಟಲು ಜಾಗ ಹುಡುಕುತ್ತಿದ್ದಾರೆ, ಚಾಪೆ ಕೆಳಗೆ ನುಗ್ಗಿದವನನ್ನು ಸೋಲಿಸಲು ರಂಗೋಲಿ ಕೆಳಗೆ ನುಗ್ಗುವ ಆಸಾಮಿ, ಬೆಳಕು ಬರುವ ಕಿಂಡಿಗೆ ಟೇಪು ಅಂಟಿಸಿದರು, ಯಂತ್ರ ಕದಲಲಿಲ್ಲ, ಟೇಪು ಕಿತ್ತು ಜೇಬಿನಿಂದ ಹೊಳೆಯುವ ಹಾಳೆಯೊಂದನ್ನು ತೆಗೆದು ಕನ್ನಡಿಯಂತೆ ಹಿಡಿದು ಬೆಳಕನ್ನು ಹಿಂದಕ್ಕೆ ತಿರುಗಿಸಿದರು, ಕದಲಲಿಲ್ಲ, ಆಮೇಲೆ ಟಾರ್ಚು ಹಿಡಿದು ಸುಳ್ಳು ಬೆಳಕು ಕೊಟ್ಟರು, ಕದಲಲಿಲ್ಲ, ಪ್ಲಗ್ಗನ್ನು ಕಿತ್ತು ಮತ್ತೆ ಚುಚ್ಚಿ ಅದು ಇನ್ನೂ ಕಣ್ಣುಜ್ಜಿಕೊಳ್ಳುವಾಗಲೇ ಬಟನ್ ಒತ್ತಿದರು, ಅದು ಮೊದಲು ನೋಡಿತು, ಆಮೇಲೆ ಇಳಿಸಿತು, ಇಪ್ಪತ್ತು ನಿಮಿಷ, ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಎಂಥದೋ ಗೌರವ ಬಂದಿತು, ಮೂರು ವರ್ಷದಲ್ಲಿ ತನಗೆ ಸಿಕ್ಕ ಅತ್ಯಂತ ಒಳ್ಳೆಯ ಪರೀಕ್ಷಕ ಈ ಮನುಷ್ಯ, ಕೊನೆಗೆ ಮೇಷ್ಟ್ರು ಮಂಡಿಯ ಧೂಳು ಕೊಡವಿಕೊಂಡು ಎದ್ದರು, ಇದನ್ನ ಕಟ್ಟೋಕೆ ಆಗಲ್ಲ ಸಾರ್ ಅಂದರು ಯಜಮಾನರಿಗೆ. ದೂರು ಹೇಳಿದ್ದೋ ಹೊಗಳಿದ್ದೋ ತಿಳಿಯಲಿಲ್ಲ. ಯಜಮಾನರು ಹುಬ್ಬು ಗಂಟಿಕ್ಕಿದರು, ಹಾಗಿದ್ರೆ ಯೋಚನೆ ಮಾಡಿ ಹೇಳ್ತೀನಿ ಅಂದರು, ಹಾಗೆಂದರೆ ಬೇಡ ಎಂದು ಅರ್ಥ ಎಂದು ಮ್ಯಾನೇಜರ್ ಮುಖ ನೋಡಿದವರಿಗೆಲ್ಲ ಗೊತ್ತಾಯಿತು, ಅವಳಿಗೂ ಗೊತ್ತಾಯಿತು, ಆಗಲಿ, ಅಂಟು ಹಚ್ಚುವುದನ್ನು ಕಲಿತರಾಯಿತು.

ಹೋಗೋ ಮುಂಚೆ ಒಂದು ರೀಮು ನನ್ನ ಕೆಲಸದ ಥರಾನೇ ಓಡಿಸಿ ನೋಡ್ತೀನಿ ಅಂದರು ಮೇಷ್ಟ್ರು, ಯಾರೂ ಬೇಡ ಅನ್ನಲಿಲ್ಲ, ರೀಮನ್ನು ಎತ್ತಿ ಕುಟ್ಟಿ ಅಂಚು ಕೂಡಿಸಿ ಇಟ್ಟರು, ಆರು ಸಲ ಕತ್ತರಿಸು ಎಂದು ಹೇಳಿ ಒತ್ತಿದರು, ಒಂದು, ಎರಡು, ಚೂರುಗಳು ಹಾರುತ್ತಿವೆ, ಮೇಷ್ಟ್ರು ತಲೆ ತಿರುಗಿಸಿ ಯಜಮಾನರಿಗೆ ಏನೋ ಹೇಳುತ್ತಿದ್ದಾರೆ, ಸೌಂಡು ಚೆನ್ನಾಗಿದೆ ಸಾರ್, ನಮ್ಮದಕ್ಕಿಂತ ಸ್ಮೂತು, ಮೂರು, ಮೇಲಿನ ಒಂದು ಹಾಳೆ ಓರೆಯಾಗಿ ಹೊರಗೆ ಚಾಚಿತು, ನಾಲ್ಕನೆಯದಕ್ಕೆ ಬ್ಲೇಡು ಇಳಿಯುತ್ತಿದೆ, ಮೇಷ್ಟ್ರ ಎಡಗೈ ಹೊರಟಿತು, ಮೇಷ್ಟ್ರು ಹೊರಡಲಿಲ್ಲ, ಕೈ ಮಾತ್ರ ಹೊರಟಿತು, ಮೂವತ್ತು ವರ್ಷದ ಕೈ, ಓರೆ ಹಾಳೆ ಕಂಡರೆ ಒಡೆಯನನ್ನು ಕೇಳದೆ ಹೋಗುವ ಕೈ, ಅವರು ಇನ್ನೂ ಯಜಮಾನರನ್ನೇ ನೋಡುತ್ತಾ ಸ್ಮೂತು ಎನ್ನುತ್ತಿದ್ದಾರೆ, ಅವಳ ಬಾಯಿ ತೆರೆಯಿತು, ದನಿ ಬರಲಿಲ್ಲ, ದನಿಗೆ ಅಷ್ಟು ಹೊತ್ತಿರಲಿಲ್ಲ, ಮಾವನ ಕೈಗೂ ಇರಲಿಲ್ಲ, ಯಾರಿಗೂ ಇರಲಿಲ್ಲ — ಟಕ್. ಬ್ಲೇಡು ನಿಂತಿತು. ಮೇಷ್ಟ್ರು ಮಾತು ಮುಗಿಸಿ, ಯಂತ್ರ ಯಾಕೆ ಸುಮ್ಮನಾಯಿತು ಎಂದು ತಿರುಗಿದರು, ತಮ್ಮ ಕೈಯನ್ನು ಕಂಡರು, ಬೇರೆ ಯಾರದೋ ಕೈ ಕಂಡವರ ಹಾಗೆ, ತೆಗೆಯಲಿಲ್ಲ, ತೆಗೆಯಬೇಕೆಂದು ಹೊಳೆಯಲಿಲ್ಲ, ಯಜಮಾನರ ಬೆರಳಲ್ಲಿ ಉಜ್ಜುತ್ತಿದ್ದ ಕಾಗದ ನಿಂತಿದೆ, ಯಾರೋ ಏನೋ ಹೇಳುತ್ತಿದ್ದಾರೆ, ಸ್ವಿಚ್ಚಿನ ಮಾತು ಬಿಡಿ, ಬೇಡ, ಹೀಗೇ ಇರಲಿ, ಯಜಮಾನರ ದನಿಯೇ ಇರಬೇಕು, ಮ್ಯಾನೇಜರ್ ಸರಿ ಸಾರ್ ಅಂದ ಹಾಗಾಯಿತು, ಇದೆಲ್ಲ ಎಲ್ಲೋ ದೂರದಲ್ಲಿ, ಗೋಡೆಯಾಚೆ, ಅವಳಿಗೆ ಕಾಣುತ್ತಿರುವುದು ಬ್ಲೇಡು, ಎರಡು ಮೊಳದಗಲದ ಬ್ಲೇಡು, ಅದರ ಅಂಚಿನುದ್ದಕ್ಕೂ ಕಿಟಕಿಯ ಬೆಳಕಿನ ಒಂದು ಗೆರೆ, ಅದರ ಕೆಳಗೆ ನಾಲ್ಕು ಬೆರಳಿನ ಅಂತರ, ಅಂತರದ ಕೆಳಗೆ ಬಿಳಿ ಹಾಳೆಯ ಮೇಲೆ ಬೋರಲು ಮಲಗಿದ ಒಂದು ಕೈ, ಕಿರುಬೆರಳ ಉಗುರಿನಲ್ಲಿ ಒಣಗಿದ ಶಾಯಿ, ಮುಂದೇನು ಯೋಚಿಸಬೇಕು, ಮೂರು ದಶಾಂಶ ಎಂಟು, ಅಕ್ಕನಿಗೆ ಫೋನು, ಇಲ್ಲ, ಬ್ಲೇಡು ನಿಂತಿದೆ, ಕೈ ಇದೆ, ಮುಂದೆ, ಬ್ಲೇಡು ನಿಂತಿದೆ, ಕಿರುಬೆರಳು ಸ್ವಲ್ಪ ಅಲುಗಿತು, ಕೈ ಇದೆ, ಬ್ಲೇಡು ನಿಂತಿದೆ, ನಿಂತಿದೆ, ನಿಂತಿದೆ